ಕಲೆಗೆ ಪೆಪ್ಟೈಡ್ ಹಚ್ಚಿದೆ: ಏನಾಯ್ತು, ಎಷ್ಟಾಯ್ತು

ಆಪರೇಷನ್ ಆದ ಮೇಲೆ ಉಳಿದ ಕಲೆಗೆ ಪೆಪ್ಟೈಡ್ ಒಳ್ಳೆಯದಾ ಅಂತ ಈಗ ಪರಿಚಯದವರು ಆಗಾಗ ನನ್ನನ್ನು ಕೇಳುತ್ತಾರೆ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಪ್ರೋಟೀನಿನ ತುಂಡಿನಂಥದ್ದು. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಬರೆದಿಡೋಣ ಅನ್ನಿಸಿತು. ನಾನು ಡಾಕ್ಟರಲ್ಲ. ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ನನ್ನ ಕಲೆಗೆ ಆದದ್ದು ನಿಮ್ಮದಕ್ಕೂ ಹಾಗೇ ಆಗಬೇಕೆಂದಿಲ್ಲ. ಆದರೆ ಎಲ್ಲೆಲ್ಲಿ ದುಡ್ಡು ಹೋಗುತ್ತೆ, ಎಲ್ಲಿ ಕಾಯಬೇಕಾಗುತ್ತೆ, ಯಾರನ್ನು ಏನು ಕೇಳಬೇಕು ಅನ್ನೋದು ಮೊದಲೇ ಗೊತ್ತಿದ್ದರೆ ಅಷ್ಟರ ಮಟ್ಟಿಗೆ ತಲೆನೋವು ಕಡಿಮೆ.

ಹೋದ ಮಳೆಗಾಲದ ಹಿಂದಿನ ಮಳೆಗಾಲದಲ್ಲಿ ಸಾಗರ ರಸ್ತೆಯಲ್ಲಿ ಸ್ಕೂಟರ್ ಜಾರಿ ಬಿದ್ದೆ. ಎಡಗಡೆ ಕಾಲರ್ ಬೋನ್ ಮುರಿದು ಒಂದು ತುಂಡಿನ ಮೇಲೆ ಇನ್ನೊಂದು ಏರಿ ಕೂತಿತ್ತು. ಬರೀ ಬೆಲ್ಟ್ ಹಾಕಿ ಬಿಟ್ಟರೆ ಸರಿಯಾಗಿ ಕೂಡೋದು ಕಷ್ಟ, ಪ್ಲೇಟ್ ಹಾಕೋಣ ಎಂದರು ಮೂಳೆ ಡಾಕ್ಟರು. ಆಪರೇಷನ್ ಸಲೀಸಾಗಿ ಮುಗಿಯಿತು. ಎರಡು ವಾರದ ಹೊತ್ತಿಗೆ ಹೊಲಿಗೆ ಬಿಚ್ಚಿದರು. ಆಗ ಅಲ್ಲಿದ್ದದ್ದು ತೆಳ್ಳನೆಯ ಒಂದು ಗೆರೆ, ಅಷ್ಟೇ. ಇಷ್ಟೇನಾ ಅಂತ ನಾನೇ ಖುಷಿಪಟ್ಟಿದ್ದೆ.

ಗೆರೆಯ ಕೆಳಗೆ ಎದೆಯ ಮೇಲ್ಭಾಗದ ಚರ್ಮಕ್ಕೆ ಮಾತ್ರ ಸ್ಪರ್ಶವೇ ಇರಲಿಲ್ಲ. ಸ್ನಾನ ಮಾಡುವಾಗ ಅಲ್ಲಿ ನೀರು ಬಿದ್ದದ್ದೂ ಗೊತ್ತಾಗುತ್ತಿರಲಿಲ್ಲ. ಕಾಲರ್ ಬೋನ್ ದಾಟಿ ಎದೆಯ ಚರ್ಮಕ್ಕೆ ಹೋಗುವ ಸಣ್ಣ ನರಗಳು ಈ ಆಪರೇಷನ್ನಿನಲ್ಲಿ ಕತ್ತರಿಸಿ ಹೋಗೋದು ಮಾಮೂಲಿಯಂತೆ. ಯಾರೂ ಮೊದಲೇ ಹೇಳದ ಕಾರಣ ಕೈಗೇನೋ ಆಯ್ತು ಅಂತ ನಾನು ಒಂದಿಡೀ ವಾರ ನಿದ್ದೆ ಕೆಡಿಸಿಕೊಂಡೆ. ನಿಮಗೂ ಪ್ಲೇಟ್ ಹಾಕುವುದಿದ್ದರೆ ಇದನ್ನು ಮೊದಲೇ ಕೇಳಿಕೊಳ್ಳಿ.

ಕಲೆ ಉಬ್ಬಲು ಶುರುವಾದದ್ದು ಹೊಲಿಗೆ ಬಿಚ್ಚಿ ಒಂದು ತಿಂಗಳಾದ ಮೇಲೆ. ಮೊದಲು ನವೆ. ಆಮೇಲೆ ಬಣ್ಣ ಕೆಂಪಾಯ್ತು. ಆಮೇಲೆ ಗಟ್ಟಿಯಾಗುತ್ತಾ, ಚರ್ಮದ ಕೆಳಗೆ ಕೆಂಪು ಹುರಿ ಇಟ್ಟು ಹೊಲಿದ ಹಾಗೆ ಎದ್ದು ನಿಂತಿತು. ನೋಡೋಕೆ ಹೇಗೋ ಇರಲಿ, ಜಾಗ ನೋಡಿ! ಒಳಉಡುಪಿನ ಪಟ್ಟಿ ಅಲ್ಲೇ ಹಾದು ಹೋಗಬೇಕು. ವ್ಯಾನಿಟಿ ಬ್ಯಾಗ್ ಅಲ್ಲೇ. ಸೀರೆಗೆ ಪಿನ್ ಹಾಕೋದೂ ಅಲ್ಲೇ. ಮಧ್ಯಾಹ್ನದ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ಇನ್ನೊಂದು ಕೈಯಲ್ಲಿ ಸೆರಗಿನ ಮೇಲಿಂದಲೇ ಕೆರೆದುಕೊಳ್ಳುತ್ತಿದ್ದೆ. ಮಕ್ಕಳು ನೋಡುತ್ತಾರೆ ಅನ್ನೋದೂ ಮರೆತು ಹೋಗುವಷ್ಟು ನವೆ.

ಮೂಳೆ ಡಾಕ್ಟರ ಹತ್ತಿರ ಹೋದರೆ ಅವರು ಎಕ್ಸ್‌ರೇ ನೋಡಿ, "ಎಲುಬು ಚೆನ್ನಾಗಿ ಕೂಡ್ತಾ ಇದೆ, ಕಲೆ ತಾನಾಗೇ ಹೋಗುತ್ತೆ ಬಿಡಿ" ಎಂದರು. ಅವರ ದೃಷ್ಟಿಯಲ್ಲಿ ಕೆಲಸ ಆಗಿತ್ತು. ಅತ್ತೆ ಕೊಬ್ಬರಿ ಎಣ್ಣೆಗೆ ಅರಿಶಿನ ಹಾಕಿ ಕಾಯಿಸಿ ಕೊಟ್ಟರು. ಅದರಿಂದ ನವೆ ಸ್ವಲ್ಪ ಇಳಿಯಿತು, ರವಿಕೆಯೆಲ್ಲ ಹಳದಿಯಾಯ್ತು.

ಪೆಪ್ಟೈಡ್ ಅನ್ನೋ ಮಾತು ಮನೆಗೆ ತಂದದ್ದು ಮೈದುನ. ಅವನು ಕಬಡ್ಡಿ ಆಡುವವನು, ಜಿಮ್ಮಿಗೂ ಹೋಗುತ್ತಾನೆ. "ಅತ್ತಿಗೆ, ಬಿಪಿಸಿ-157 ಅಂತ ಇದೆ. ಸ್ನಾಯು ಹರಿದದ್ದೇ ಕೂಡುತ್ತೆ, ನಿಮ್ಮ ಕಲೆ ಯಾವ ಲೆಕ್ಕ" ಅಂತ ಹುಮ್ಮಸ್ಸಿನಲ್ಲಿ ಹೇಳಿದ. ಜಿಮ್ಮಿನ ಗೆಳೆಯನಿಂದ ಒಂದು ಸಣ್ಣ ಬಾಟಲಿಯನ್ನೂ ತಂದು ತೋರಿಸಿದ. ತಳದಲ್ಲಿ ಚೂರು ಬಿಳಿ ಪುಡಿ. ನೀರು ಬೇರೆ ತಂದು ಕಲಸಿ, ಇನ್ಸುಲಿನ್ ಸಿರಿಂಜಿನಲ್ಲಿ ಕಲೆಯ ಪಕ್ಕ ಚುಚ್ಚಿಕೊಳ್ಳಬೇಕಂತೆ. ಬೆಲೆ ಒಂದಕ್ಕೆ ಮೂರು ಸಾವಿರ ಚಿಲ್ಲರೆ.

ಅದನ್ನು ಫ್ರಿಜ್ಜಿನಲ್ಲಿಡಲು ಹೋದಾಗ ಅಲ್ಲಿ ಅತ್ತೆಯ ಇನ್ಸುಲಿನ್ ಇತ್ತು. ಇನ್ಸುಲಿನ್ ಕೂಡ 51 ಅಮೈನೋ ಆಮ್ಲಗಳ ಒಂದು ಪೆಪ್ಟೈಡೇ. ಅಂದಮೇಲೆ ಪೆಪ್ಟೈಡ್ ಅಂದ ತಕ್ಷಣ ಹೊಸದೂ ಅಲ್ಲ, ಭಯಪಡುವಂಥದ್ದೂ ಅಲ್ಲ. ಆದರೆ ಎರಡರ ಲೇಬಲ್ಲನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಇನ್ಸುಲಿನ್ ಮೇಲೆ ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಂಆರ್‌ಪಿ, ಯಾವ ಉಷ್ಣಾಂಶದಲ್ಲಿ ಇಡಬೇಕು ಎಲ್ಲ ಇತ್ತು. ಇದರ ಮೇಲೆ ಒಂದು ಹೆಸರು, ಎಷ್ಟು ಮಿಲಿಗ್ರಾಂ ಅನ್ನೋದು, ಕೆಳಗೆ ಇರುವೆ ಸಾಲಿನ ಅಕ್ಷರದಲ್ಲಿ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ" ಎಂದು ಇಂಗ್ಲಿಷಿನಲ್ಲಿ. ಮಾರುವವರೇ ಹಾಗೆ ಬರೆದಿರುವಾಗ ನಾನ್ಯಾಕೆ ಚುಚ್ಚಿಕೊಳ್ಳಲಿ? ಬಾಟಲಿಯನ್ನು ವಾಪಸ್ ಕಳಿಸಿದೆ. ಮೈದುನನಿಗೆ ಸ್ವಲ್ಪ ಬೇಜಾರಾಯ್ತು.

ಅಷ್ಟಕ್ಕೇ ಬಿಡಲಿಲ್ಲ ಅವನು. ಬೆಂಗಳೂರಿನಲ್ಲಿ ಒಂದು ಕ್ಲಿನಿಕ್ ಇದೆ, ಡಾಕ್ಟರೇ ಕೊಡುತ್ತಾರೆ, ಒಮ್ಮೆ ಕೇಳಿ ಬನ್ನಿ ಎಂದ. ಅದೂ ಸರಿಯೇ. ಬೆಳಗಿನ ಜನಶತಾಬ್ದಿ ಹಿಡಿದು ನಮ್ಮನೆಯವರ ಜೊತೆ ಹೋದೆ. ಕ್ಲಿನಿಕ್ ಹೋಟೆಲ್ ಲಾಬಿಯ ಥರ ಇತ್ತು. ಕಾಯಿಸಲೇ ಇಲ್ಲ, ಗ್ರೀನ್ ಟೀ ಕೊಟ್ಟರು. ಮೊದಲು ಮಾತಾಡಿದ್ದು ಡಾಕ್ಟರಲ್ಲ, ಕೌನ್ಸೆಲರ್ ಅನ್ನುವ ಹುಡುಗಿ. ಅವಳು ಕಲೆಯನ್ನು ಒಮ್ಮೆ ನೋಡಿ, "ಮೇಡಂ, ನಿಮ್ಮ ಸ್ಕಿನ್‌ಗೆ ಕೊಲಾಜೆನ್ ಬೂಸ್ಟ್ ಬೇಕು" ಎಂದಳು. ಕೊಲಾಜೆನ್ ಅಂದರೆ ಚರ್ಮಕ್ಕೆ ಬಲ ಕೊಡುವ ಪ್ರೋಟೀನ್. ಆರು ಸಿಟ್ಟಿಂಗಿನ ಪ್ಯಾಕೇಜ್. ಸಣ್ಣ ಸೂಜಿಗಳ ರೋಲರ್‌ನಿಂದ ಚುಚ್ಚಿ ಮೇಲೆ ಕಾಪರ್ ಪೆಪ್ಟೈಡ್ ಹಚ್ಚೋದು, ಜೊತೆಗೆ ಹೊಟ್ಟೆಯ ಚರ್ಮಕ್ಕೆ ಪೆಪ್ಟೈಡ್ ಇಂಜೆಕ್ಷನ್. ನಲವತ್ತೆಂಟು ಸಾವಿರ. ಇವತ್ತೇ ಕಟ್ಟಿದರೆ ನಲವತ್ತೆರಡು.

ನಾನು ಕೇಳಿದ್ದು ಎರಡೇ ಪ್ರಶ್ನೆ. ಇಂಜೆಕ್ಷನ್ನಿನ ಹೆಸರೇನು? ಬಿಲ್ಲಿನಲ್ಲಿ ಆ ಹೆಸರು, ಬ್ಯಾಚ್ ನಂಬರ್ ಬರೆದು ಕೊಡುತ್ತೀರಾ? ಹೆಸರು "ಹೀಲಿಂಗ್ ಪೆಪ್ಟೈಡ್ ಬ್ಲೆಂಡ್" ಅಂತೆ. ಬಿಲ್ಲಿನಲ್ಲಿ "ವೆಲ್‌ನೆಸ್ ಸರ್ವೀಸ್" ಅಂತ ಬರುತ್ತಂತೆ. ಎಸ್ಟಿಮೇಟ್ ಹಾಳೆಯಲ್ಲೂ ಒಂದೇ ಒಂದು ಔಷಧಿಯ ಹೆಸರಿರಲಿಲ್ಲ. ಒಳಗೆ ಪ್ಲೇಟ್ ಇದೆ ಎಂದಾಗ ಆ ಹುಡುಗಿ ಒಂದು ಕ್ಷಣ ಪೆನ್ನು ನಿಲ್ಲಿಸಿ, "ಪರವಾಗಿಲ್ಲ ಮೇಡಂ" ಎಂದಳು. ಯೋಚಿಸಿ ಹೇಳುತ್ತೇವೆ ಅಂತ ಎದ್ದು ಬಂದೆವು. ಒಂದು ತಿಂಗಳು ದಿನಾ ಫೋನ್ ಬರುತ್ತಿತ್ತು.

ಆಮೇಲೆ ಹೋದದ್ದು ಒಂದು ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ. ಇಲ್ಲಿ ಗ್ರೀನ್ ಟೀ ಇಲ್ಲ. ಬೆಳಗ್ಗೆ ಚೀಟಿ ಮಾಡಿಸಲು ಒಂದು ಕ್ಯೂ, ವಿಭಾಗದ ಮುಂದೆ ಇನ್ನೊಂದು. ಮೊದಲು ಪಿಜಿ ಓದುವ ಡಾಕ್ಟರ್ ಎಲ್ಲ ಬರೆದುಕೊಂಡು, ಆಮೇಲೆ ದೊಡ್ಡ ಮೇಡಂ ಹತ್ತಿರ ಕಳಿಸುತ್ತಾರೆ. ಮಧ್ಯಾಹ್ನ ಊಟದ ಹೊತ್ತು ದಾಟಿತು. ಹೋಗುವವರು ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಕಡೆಯ ಎಕ್ಸ್‌ರೇ ತಪ್ಪದೇ ಒಯ್ಯಿರಿ. ಪ್ಲೇಟ್ ಹಾಕಿದ್ದರೆ ಅದರ ಸ್ಟಿಕ್ಕರ್ ಅಂಟಿಸಿದ ಹಾಳೆಯ ನಕಲನ್ನೂ. ನನ್ನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೊಲಿಗೆಗೆ ಯಾವ ದಾರ ಹಾಕಿದ್ದರು ಅನ್ನೋದಿರಲಿಲ್ಲ. ಅದು ಆಪರೇಷನ್ ನೋಟ್ಸಿನಲ್ಲಿರುತ್ತೆ. ಅದನ್ನು ಆಸ್ಪತ್ರೆಯವರು ಕೇಳದೇ ಕೊಡೋದಿಲ್ಲ. ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು, ಆಧಾರ್ ನಕಲು ಲಗತ್ತಿಸಿ, ನಕಲಿನ ಶುಲ್ಕ ಕಟ್ಟಿ ತರಬೇಕಾಯ್ತು.

ಮೇಡಂ ನನ್ನ ಕಲೆಯನ್ನು ಬೆರಳಲ್ಲಿ ಹಿಸುಕಿ, ಅಂಚಿನುದ್ದಕ್ಕೂ ಉಗುರು ಓಡಿಸಿ ನೋಡಿದರು. ಆಪರೇಷನ್ ಗೆರೆ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೆ ಹಬ್ಬಿದೆಯಾ ಅನ್ನೋದು ಮುಖ್ಯವಂತೆ. ಹಬ್ಬಿದ್ದರೆ ಕೀಲಾಯ್ಡ್. ಗೆರೆಯೊಳಗೇ ಉಬ್ಬಿದ್ದರೆ ಹೈಪರ್‌ಟ್ರೋಫಿಕ್ ಕಲೆ. ನನ್ನದು ಎರಡನೆಯದು. ಇದು ಸಮಯ ಹೋದಂತೆ ಇಳಿಯುವ ಸಾಧ್ಯತೆ ಇರುತ್ತೆ, ಕೀಲಾಯ್ಡ್ ಸಾಮಾನ್ಯವಾಗಿ ತಾನಾಗೇ ಇಳಿಯೋದಿಲ್ಲ. ಮನೆಯಲ್ಲಿ ಯಾರಿಗಾದರೂ ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿದೆಯಾ ಅಂತಲೂ ಕೇಳಿದರು. ಚಿಕ್ಕಮ್ಮನಿಗಿದೆ. ಅದನ್ನು ಬರೆದುಕೊಂಡರು. ಕಿವಿ, ಭುಜ, ಎದೆಯ ನಡುವೆ, ಬೆನ್ನಿನ ಮೇಲ್ಭಾಗ ಇವೆಲ್ಲ ಕಲೆ ಹೆಚ್ಚಾಗಿ ಉಬ್ಬುವ ಜಾಗಗಳು. ನಮ್ಮಂಥ ಕಪ್ಪು, ಗೋಧಿ ಬಣ್ಣದ ಚರ್ಮದವರಲ್ಲಿ ಇನ್ನೂ ಜಾಸ್ತಿ.

ಪೆಪ್ಟೈಡ್ ವಿಷಯ ನಾನೇ ತೆಗೆದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕ್ಲಿನಿಕ್‌ನ ಎಸ್ಟಿಮೇಟನ್ನು ಓದಿ ನಕ್ಕರು.

"ನೋಡಿ, ನಿಮ್ಮ ಗಾಯ ಮಾಯುತ್ತಿಲ್ಲ ಅನ್ನೋದು ತೊಂದರೆಯಲ್ಲ. ಮಾಯೋ ಕೆಲಸ ನಿಲ್ಲಿಸ್ತಾ ಇಲ್ಲ, ಅದು ತೊಂದರೆ. ಕೊಲಾಜೆನ್ ಅಲ್ಲಿ ಈಗಾಗಲೇ ಬೇಕಾದ್ದಕ್ಕಿಂತ ಜಾಸ್ತಿ ಬಿದ್ದಿದೆ. ಅದಕ್ಕೆ ಮತ್ತೆ ಬೂಸ್ಟ್ ಯಾಕೆ?"

ಇಡೀ ಓಡಾಟದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮಾತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ, ಮಾಯದ ಗಾಯಕ್ಕೆ ಮಾಡುವ ಚಿಕಿತ್ಸೆಯೇ ಬೇರೆ. ಮಾಯ್ದು ಮುಗಿದ ಮೇಲೂ ಉಬ್ಬುತ್ತಿರುವ ಕಲೆಗೆ ಮಾಡುವುದೇ ಬೇರೆ. ಜಾಹೀರಾತಿನಲ್ಲಿ ಎರಡನ್ನೂ "ಹೀಲಿಂಗ್" ಅಂತ ಒಂದೇ ಚೀಲಕ್ಕೆ ತುಂಬಿರುತ್ತಾರೆ. ನಿಮ್ಮದು ಯಾವುದು ಅಂತ ತಿಳಿಯದೇ ಒಂದು ರೂಪಾಯಿಯನ್ನೂ ಕೊಡಬೇಡಿ.

ಬಿಪಿಸಿ-157 ಬಗ್ಗೆಯೂ ಹೇಳಿದರು. 15 ಅಮೈನೋ ಆಮ್ಲಗಳ ಪೆಪ್ಟೈಡ್ ಅದು. ಅದರ ಮೇಲೆ ನಡೆದ ಕೆಲಸದಲ್ಲಿ ಬಹುಪಾಲು ಇಲಿಗಳ ಮೇಲೆ, ಅದೂ ಹೆಚ್ಚಿನದು ಕ್ರೊವೇಷಿಯಾದ ಜಾಗ್ರೆಬ್‌ನ ಒಂದೇ ತಂಡದಿಂದ. ನಮ್ಮಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆದಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಅದನ್ನು, ಔಷಧಿ ಅಂಗಡಿಗಳು ಕಲಸಿ ಕೊಟ್ಟರೆ ಅಪಾಯ ಇರಬಹುದಾದ ವಸ್ತುಗಳ ಪಟ್ಟಿಗೆ ಹಾಕಿತು. ಕ್ರೀಡಾಪಟುಗಳಿಗೆ 2022ರಿಂದ ವಾಡಾ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ) ನಿಷೇಧ ಇದೆ. ಕಬಡ್ಡಿ ಹುಡುಗನಿಗೆ ತಾಗಿದ್ದು ಈ ಕಡೆಯ ಮಾತು ಮಾತ್ರ. ಆವತ್ತಿನಿಂದ ಆ ಬಾಟಲಿಯ ಸುದ್ದಿ ಎತ್ತಿಲ್ಲ.

ಪ್ಲೇಟ್ ವಿಷಯಕ್ಕೆ ಬಂದಾಗ ಮೇಡಂ ಮುಖ ಗಂಭೀರವಾಯ್ತು. ಕಾಲರ್ ಬೋನ್ ಮೇಲೆ ಚರ್ಮ ತೆಳು, ಅದರ ಕೆಳಗೇ ಲೋಹ. ಮನೆಯಲ್ಲಿ ಪುಡಿ ಕಲಸಿ ಚುಚ್ಚಿಕೊಂಡು ಕೀವಾದರೆ ಸೋಂಕು ಪ್ಲೇಟಿಗಿಳಿಯಬಹುದು. ಆಗ ಪ್ಲೇಟನ್ನೇ ತೆಗೆಯಬೇಕಾದ ಪರಿಸ್ಥಿತಿ ಬರಬಹುದು. ಮೈಯೊಳಗೆ ಪ್ಲೇಟ್, ರಾಡ್, ಕೃತಕ ಮಂಡಿ ಇರುವವರು ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ.

ನನಗೆ ಬರೆದುಕೊಟ್ಟದ್ದು ಮೂರು. ಸಿಲಿಕೋನ್ ಶೀಟ್, ಕಲೆಯೊಳಗೆ ಟ್ರಯಾಮ್‌ಸಿನಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್, ಹೊರಗೆ ಹೋಗುವಾಗ ಸನ್‌ಸ್ಕ್ರೀನ್. ಪೆಪ್ಟೈಡ್ ಬೇಕೇ ಬೇಕು ಅನ್ನಿಸಿದರೆ ಕಾಪರ್ ಪೆಪ್ಟೈಡ್ ಸೀರಮ್ ಹಚ್ಚಿಕೊಳ್ಳಿ, ಚುಚ್ಚಿಸಿಕೊಳ್ಳಬೇಡಿ ಎಂದರು. "ಆದರೆ ಅರ್ಧ ಕಲೆಗೆ ಮಾತ್ರ ಹಚ್ಚಿ. ನಿಮಗೇ ಗೊತ್ತಾಗುತ್ತೆ." ಆ ಐಡಿಯಾ ನನಗೆ ತುಂಬಾ ಹಿಡಿಸಿತು. ನಾನು ವಿಜ್ಞಾನದ ಟೀಚರ್ ಬೇರೆ.

ಸಿಲಿಕೋನ್ ಶೀಟ್ ಕೇಳೋಕೆ ಸುಲಭ. ತೆಳುವಾದ ಮೆತ್ತನೆಯ ಪಟ್ಟಿ, ಕಲೆಯಷ್ಟಗಲ ಕತ್ತರಿಸಿ ಅಂಟಿಸೋದು. ಅದು ಕಲೆಯ ತೇವ ಆರದ ಹಾಗೆ ನೋಡಿಕೊಳ್ಳುತ್ತೆ, ಅದರಿಂದ ಕೊಲಾಜೆನ್ ಹಾಕುವ ಜೀವಕೋಶಗಳ ಅವಸರ ಕಡಿಮೆಯಾಗುತ್ತೆ ಎನ್ನುತ್ತಾರೆ. ದಿನಕ್ಕೆ ಕನಿಷ್ಠ 12 ಗಂಟೆ, ಸಾಧ್ಯವಾದರೆ ಇಡೀ ದಿನ, ಎರಡು ಮೂರು ತಿಂಗಳಾದರೂ ಬಿಡದೆ. ಗಾಯ ಪೂರ್ತಿ ಮುಚ್ಚಿದ ಮೇಲೇ ಶುರು ಮಾಡಬೇಕು, ಹಸಿ ಗಾಯಕ್ಕಲ್ಲ. ಶಿವಮೊಗ್ಗದ ಏಪ್ರಿಲ್ ಬೆವರಿಗೆ ಅದು ನಿಲ್ಲುತ್ತಿರಲಿಲ್ಲ. ಬೆಳಗ್ಗೆ ಅಂಟಿಸಿದ್ದು ಪ್ರಾರ್ಥನೆ ಮುಗಿಯೋದರೊಳಗೆ ರವಿಕೆಗೆ ಅಂಟಿರುತ್ತಿತ್ತು. ಸುತ್ತ ಬೆವರುಸಾಲೆಯೂ ಎದ್ದಿತು. ಕೊನೆಗೆ ಒಂದು ಏರ್ಪಾಡು ಮಾಡಿಕೊಂಡೆ. ಸಂಜೆ ಮನೆಗೆ ಬಂದು ತೊಳೆದು ಅಂಟಿಸಿದರೆ ಬೆಳಗ್ಗೆ ಸ್ನಾನಕ್ಕೆ ತೆಗೆಯೋದು. ಶಾಲೆಯ ಹೊತ್ತಿಗೆ ಸಿಲಿಕೋನ್ ಜೆಲ್ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಬಟ್ಟೆ. ಶೀಟನ್ನು ಸಾದಾ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಮತ್ತೆ ಅಂಟುತ್ತೆ. ಟವೆಲ್ಲಿನಲ್ಲಿ ಒರೆಸಬೇಡಿ, ನಾರೆಲ್ಲ ಮೆತ್ತಿಕೊಂಡು ಅಂಟೇ ಹೋಗುತ್ತೆ.

ಇಂಜೆಕ್ಷನ್ ಬಗ್ಗೆ ಸಿಹಿಮಾತು ಹೇಳಲ್ಲ. ನೋವಾಗುತ್ತೆ. ಸೂಜಿ ಸಣ್ಣದೇ, ಆದರೆ ಅಷ್ಟು ಗಟ್ಟಿ ಕಲೆಯೊಳಗೆ ಔಷಧಿ ನುಗ್ಗಿಸಬೇಕಲ್ಲ! ಕಲೆಗೆ ಐಸ್ ಒತ್ತಿ, ಮರಗಟ್ಟುವ ಔಷಧಿ ಬೆರೆಸಿ ಕೊಟ್ಟರು. ಆದರೂ ಮೊದಲ ಸಲ ನಮ್ಮನೆಯವರ ಕೈ ಹಿಂಡಿಬಿಟ್ಟೆ. ಸೂಜಿ ಇಳಿದ ಕಡೆ ಕೆಂಪು ಕಲೆ ನೋಡನೋಡುತ್ತಾ ಬೆಳ್ಳಗಾಗುತ್ತಾ ಹೋಗುತ್ತೆ. ಔಷಧಿ ಸರಿಯಾದ ಜಾಗಕ್ಕೆ ಹೋಗಿದೆ ಅನ್ನೋದಕ್ಕೆ ಅದೇ ಗುರುತಂತೆ. ಕೆಳಗೆ ಕೊಬ್ಬಿನ ಪದರಕ್ಕೆ ಇಳಿದರೆ ಅಲ್ಲಿ ಚರ್ಮ ಗುಳಿ ಬೀಳುವ ಅಪಾಯ. ಅದಕ್ಕೇ ಇದನ್ನು ಕೈ ಪಳಗಿದವರೇ ಕೊಡಬೇಕು. ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಡುತ್ತಾರೆ. ಎರಡನೆಯದು ಮೊದಲಿನಷ್ಟು ನೋಯಲಿಲ್ಲ, ಕಲೆಯೇ ಅಷ್ಟೊತ್ತಿಗೆ ಸಡಿಲವಾಗಿತ್ತು. ನವೆ ಮೊದಲ ಇಂಜೆಕ್ಷನ್ ಆದ ವಾರದಲ್ಲೇ ಹೋಯಿತು. ಆ ರಾತ್ರಿಗಳ ನಿದ್ದೆಗೆ ನಾನು ಎಷ್ಟು ಬೇಕಾದರೂ ಕೊಡುತ್ತಿದ್ದೆ!

ಒಂದು ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಇಂಜೆಕ್ಷನ್ ಆದ ತಿಂಗಳು ನನ್ನ ಮುಟ್ಟು ಏರುಪೇರಾಯ್ತು. ಮೊದಲು ಹದಿನೈದು ದಿನಕ್ಕೇ ಬಂತು, ಆಮೇಲೆ ಬರಲೇ ಇಲ್ಲ. ಗಾಬರಿಯಾಗಿ ಟೆಸ್ಟ್ ಕೂಡ ಮಾಡಿಕೊಂಡೆ. ಮೇಡಂ ಕೇಳಿ, ಇದು ಸ್ಟೀರಾಯ್ಡ್ ಅಲ್ವಾ, ಕೆಲವು ಹೆಂಗಸರಿಗೆ ಹೀಗಾಗುತ್ತೆ, ಸರಿಹೋಗುತ್ತೆ ಎಂದರು. ಸರಿಹೋಯಿತು. ಹೆಂಗಸರು ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನೂ ಹೇಳಿ, ಕೆಲ ದಿನ ಶುಗರ್ ಏರಬಹುದು. ನನ್ನ ಕಲೆಯ ಭುಜದ ತುದಿಯಲ್ಲಿ ಒಂದು ಸಾಸಿವೆಯಷ್ಟಗಲ ಚರ್ಮ ಬಿಳಿಯಾಯ್ತು. ಅದು ಬಣ್ಣ ಮರಳಿ ಪಡೆಯಲು ತಿಂಗಳುಗಟ್ಟಲೆ ತೆಗೆದುಕೊಂಡಿತು.

ಈಗ ಪೆಪ್ಟೈಡ್ ಕಥೆ. ಕಾಪರ್ ಪೆಪ್ಟೈಡ್ ಅಂದರೆ ಜಿಎಚ್‌ಕೆ-ಸಿಯು. ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಅನ್ನುವ ಮೂರು ಅಮೈನೋ ಆಮ್ಲಗಳು, ಜೊತೆಗೆ ಒಂದು ತಾಮ್ರದ ಅಯಾನು. 1973ರಲ್ಲಿ ಲೋರೆನ್ ಪಿಕಾರ್ಟ್ ಎಂಬಾತ ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಇದನ್ನು ಗುರುತಿಸಿದ. ನಮ್ಮ ಮೈಯಲ್ಲೇ ಇರುವಂಥದ್ದು, ವಯಸ್ಸಾದಂತೆ ಕಡಿಮೆಯಾಗುತ್ತೆ. ಬಹಳ ಸಣ್ಣ ಅಣು. ಅಣುವಿನ ತೂಕವನ್ನು ಡಾಲ್ಟನ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಗಟ್ಟಿ ಚರ್ಮ ದಾಟೋದು ಕಷ್ಟ ಅನ್ನೋ ಒಂದು ಅಂದಾಜು ಲೆಕ್ಕ ಚರ್ಮದ ಡಾಕ್ಟರುಗಳಲ್ಲಿದೆ. ಇದು 400ರ ಆಸುಪಾಸು. ಬಿಪಿಸಿ-157 ಸುಮಾರು 1400. ಹಾಗಾಗಿ ಆ ಹೆಸರಿನ ಕ್ರೀಮ್ ಯಾರಾದರೂ ಮಾರಿದರೆ ಅದು ಮೇಲೇ ಕೂತಿರುತ್ತೆ ಅಂತಲೇ ಲೆಕ್ಕ.

ಲ್ಯಾಬಿನಲ್ಲಿ ಜಿಎಚ್‌ಕೆ-ಸಿಯು ಎರಡು ಕೆಲಸ ಮಾಡೋದನ್ನು ನೋಡಿದ್ದಾರೆ. ಚರ್ಮದ ಜೀವಕೋಶಗಳಿಂದ ಹೊಸ ಕೊಲಾಜೆನ್ ಹಾಕಿಸುತ್ತೆ, ಹಳೆಯದನ್ನು ಒಡೆಯುವ ಕಿಣ್ವಗಳನ್ನೂ ಎಬ್ಬಿಸುತ್ತೆ. ಸುಕ್ಕಿಗೆ ಮಾರುವವರು ಮೊದಲನೆಯದನ್ನು ಹೇಳುತ್ತಾರೆ. ಕಲೆಗೆ ಮಾರುವವರು ಎರಡನೆಯದನ್ನು ಹೇಳುತ್ತಾರೆ. ಬಾಟಲಿ ಅದೇ!

ನಾನು ತಂದದ್ದು ಔಷಧಿ ಅಲ್ಲ, ಕಾಸ್ಮೆಟಿಕ್. ಪಟ್ಟಿಯಲ್ಲಿ "ಕಾಪರ್ ಟ್ರೈಪೆಪ್ಟೈಡ್-1" ಅಂತ ಇರುತ್ತೆ. ಸಾವಿರ ರೂಪಾಯಿ ಚಿಲ್ಲರೆ. ಕಡುನೀಲಿ ಬಣ್ಣ, ಮೈಲುತುತ್ತದ ದ್ರಾವಣದ್ದೇ ಬಣ್ಣ. ಮೊದಲು ಮೊಣಕೈ ಒಳಗಡೆ ಒಂದು ಹನಿ ಹಚ್ಚಿ ಎರಡು ದಿನ ನೋಡಿದೆ, ಉರಿ ತುರಿ ಏನೂ ಇಲ್ಲ. ಆಮೇಲೆ ಕಲೆಯ ನಡುವೆ ಪೆನ್ನಿನಲ್ಲಿ ಚುಕ್ಕೆ ಇಟ್ಟು, ಕುತ್ತಿಗೆ ಕಡೆಯ ಅರ್ಧಕ್ಕೆ ಸೀರಮ್, ಭುಜದ ಕಡೆಯ ಅರ್ಧಕ್ಕೆ ಏನೂ ಇಲ್ಲ. ಸಿಲಿಕೋನ್, ಇಂಜೆಕ್ಷನ್ ಎರಡೂ ಕಡೆಗೂ ಸಮ. ವಿಟಮಿನ್ ಸಿ ಸೀರಮ್ ಬಳಸುವವರು ಎರಡನ್ನೂ ಒಟ್ಟಿಗೆ ಹಚ್ಚಬೇಡಿ, ಒಂದು ಬೆಳಗ್ಗೆ ಒಂದು ರಾತ್ರಿ ಇರಲಿ ಎಂದಿದ್ದರು.

ತೊಡಕು ಬಂದದ್ದು ಶೀಟ್ ಜೊತೆ. ಸೀರಮ್ ಹಚ್ಚಿದ ಚರ್ಮಕ್ಕೆ ಶೀಟ್ ಅಂಟೋದೇ ಇಲ್ಲ. ಹಾಗಾಗಿ ಸಂಜೆ ಸೀರಮ್ ಹಚ್ಚಿ, ಅಡುಗೆ ಊಟ ಎಲ್ಲ ಮುಗಿಸಿ, ಮಲಗುವ ಮುಂಚೆ ತೊಳೆದು ಒರೆಸಿ ಶೀಟ್. ಅದರಿಂದ ಶೀಟಿನ ಗಂಟೆಗಳು ಕಡಿಮೆಯಾದವು. ಅತ್ತ ನೋಡಿದರೆ ಬಿಳಿ ರವಿಕೆಯ ಪಟ್ಟಿಯ ಮೇಲೆ ನೀಲಿ ಗುರುತು. ಮೊದಲು ಅರಿಶಿನ, ಈಗ ತಾಮ್ರ.

ತಿಂಗಳಿಗೊಮ್ಮೆ ಫೋಟೋ ತೆಗೆದೆ. ಒಂದೇ ಕಿಟಕಿ, ಒಂದೇ ಹೊತ್ತು, ಪಕ್ಕದಲ್ಲಿ ಮಕ್ಕಳ ಸ್ಕೇಲು. ಬೆಳಕು ಬದಲಾದರೆ ಕಲೆ ಇಳಿದ ಹಾಗೆ ಸುಮ್ನೆ ಕಾಣುತ್ತೆ. ಕ್ಲಿನಿಕ್‌ಗಳ "ಮೊದಲು, ನಂತರ" ಫೋಟೋಗಳಲ್ಲಿ ಅದನ್ನೇ ಗಮನಿಸಿ. ಡಾಕ್ಟರುಗಳು ವ್ಯಾಂಕೂವರ್ ಸ್ಕೇಲ್ ಅಂತ ಬಳಸುತ್ತಾರೆ. ಕಲೆಯ ಬಣ್ಣ, ಕೆಂಪು, ಮೆದುತನ, ಎತ್ತರ ಈ ನಾಲ್ಕಕ್ಕೂ ಅಂಕ ಹಾಕೋದು. ನನ್ನ ಮಾರ್ಕ್ಸ್ ಕಾರ್ಡ್ ಕೂಡ ಫೈಲಿನಲ್ಲಿದೆ.

ಬಂದ ಫಲ ಏನಪ್ಪಾ ಅಂದರೆ, ಇಡೀ ಕಲೆ ಇಳಿಯಿತು. ಬೆರಳಾಡಿಸಿದರೆ ಈಗ ಗೊತ್ತಾಗದಷ್ಟಲ್ಲದಿದ್ದರೂ ಬಟ್ಟೆ ತಾಗಿದರೆ ನೋಯಲ್ಲ. ಕೆಂಪು ಹೋಗಿ ಕಂದು ಬಣ್ಣ ಬಂದಿದೆ. ಎರಡು ಅರ್ಧಗಳಲ್ಲಿ ಎತ್ತರಕ್ಕೆ ಏನೂ ವ್ಯತ್ಯಾಸ ಇಲ್ಲ. ಸೀರಮ್ ಹಚ್ಚಿದ ಕಡೆ ಮೇಲ್ಮೈ ಸ್ವಲ್ಪ ನುಣುಪು, ಒಣಗಿ ಸಿಪ್ಪೆ ಏಳೋದು ಕಡಿಮೆ. ಫೋಟೋದಲ್ಲಿ ಅದೂ ಕಾಣಲ್ಲ. ಜೊತೆಗೆ ಇನ್ನೊಂದಿದೆ. ಭುಜದ ಕಡೆಯ ಅರ್ಧದ ಮೇಲೇ ಪಟ್ಟಿ, ಬ್ಯಾಗು ಎಲ್ಲದರ ಎಳೆತ. ಎಳೆತ ಜಾಸ್ತಿಯಿರುವ ಕಡೆ ಕಲೆ ಹೇಗೂ ದಪ್ಪ. ಆ ಕಡೆಗೆ ಹಚ್ಚಿದ್ದರೆ ಬೇರೆ ಥರ ಕಾಣುತ್ತಿತ್ತೇನೋ. ಒಬ್ಬಳ ಒಂದು ಕಲೆಯಿಂದ ಇದಕ್ಕಿಂತ ಹೆಚ್ಚು ಹೇಳಿದರೆ ನನ್ನ ವಿದ್ಯಾರ್ಥಿಗಳೇ ನಗುತ್ತಾರೆ. ಎರಡು ಬಾಟಲಿ ಮುಗಿದ ಮೇಲೆ ಸೀರಮ್ ಮತ್ತೆ ತರಲಿಲ್ಲ. ಶೀಟಿನ ಗಂಟೆಗಳೇ ನನಗೆ ಮುಖ್ಯ ಅನ್ನಿಸಿದವು.

ಕಾಲದ ಪಾಲು ಎಷ್ಟು ಅಂತಲೂ ಲೆಕ್ಕ ಹಾಕಬೇಕು. ಕಲೆಯಲ್ಲಿ ಮೊದಲು ಬೀಳುವ ಕೊಲಾಜೆನ್ ಮೂರನೇ ಬಗೆಯದು. ಅದು ನಿಧಾನಕ್ಕೆ ಗಟ್ಟಿಯಾದ ಒಂದನೇ ಬಗೆಗೆ ಬದಲಾಗುತ್ತೆ. ಈ ಬದಲಾವಣೆ ಒಂದು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ನಡೆಯುತ್ತಲೇ ಇರುತ್ತೆ. ಆರನೇ ತಿಂಗಳಲ್ಲಿ ಏನನ್ನು ಹಚ್ಚಿ ಎಂಟನೇ ತಿಂಗಳಲ್ಲಿ ಇಳಿಯಿತೋ ಅದರಿಂದಲೇ ಇಳಿಯಿತು ಅಂತ ಎಲ್ಲರೂ ಹೇಳೋದು. ಎಷ್ಟೇ ಚೆನ್ನಾಗಿ ಮಾಯ್ದರೂ ಕಲೆಯ ಜಾಗಕ್ಕೆ ಮೂಲ ಚರ್ಮದ ಸುಮಾರು 80 ಪರ್ಸೆಂಟ್ ಬಲ ಮಾತ್ರ ಬರೋದು.

ಇನ್ಶೂರೆನ್ಸ್ ಕಥೆ ಚಿಕ್ಕದಾಗಿ ಹೇಳುತ್ತೇನೆ, ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ. ಆಪರೇಷನ್ ಖರ್ಚು ಕೊಟ್ಟರು. ಕಲೆಯ ಚಿಕಿತ್ಸೆಯ ಬಿಲ್ ಕಳಿಸಿದಾಗ "ಎಕ್ಸ್‌ಕ್ಲೂಷನ್ 08, ಕಾಸ್ಮೆಟಿಕ್" ಅಂತ ವಾಪಸ್ ಬಂತು. ಪಾಲಿಸಿ ತೆಗೆದು ಅದೇ ಕಲಮನ್ನು ಓದಿ ನೋಡಿ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಸರಿಪಡಿಸುವ ಚಿಕಿತ್ಸೆಗೆ, ಇಲ್ಲವೇ ವೈದ್ಯಕೀಯವಾಗಿ ಅಗತ್ಯ ಅಂತ ಡಾಕ್ಟರು ಬರೆದುಕೊಟ್ಟರೆ ವಿನಾಯಿತಿ ಇದೆ. ಮೇಡಂ ಹತ್ತಿರ ನವೆ, ನೋವು, ಅಪಘಾತದ ಹಿನ್ನೆಲೆ ಎಲ್ಲ ಬರೆಸಿ, ಎಂಎಲ್‌ಸಿ (ಅಪಘಾತದ ಕೇಸಿಗೆ ಆಸ್ಪತ್ರೆ ಮಾಡುವ ದಾಖಲೆ) ನಕಲು ಹಚ್ಚಿ ಮತ್ತೆ ಕಳಿಸಿದೆ. ಈ ಸಲ ಕಾಸ್ಮೆಟಿಕ್ ಅನ್ನೋದು ಮಾಯ. ಬದಲಿಗೆ "ಓಪಿಡಿ ಚಿಕಿತ್ಸೆ, ಪಾಲಿಸಿಯಲ್ಲಿ ಇಲ್ಲ" ಅಂತ ಬಂತು. ಅದು ನಿಜವೇ, ಆಸ್ಪತ್ರೆಗೆ ಅಡ್ಮಿಟ್ ಆಗದೆ ತೋರಿಸಿಕೊಳ್ಳುವ ಈ ಓಪಿಡಿ ಚಿಕಿತ್ಸೆ ನನ್ನ ಪಾಲಿಸಿಯಲ್ಲಿ ಇರಲಿಲ್ಲ. ಮೊದಲನೇ ಸಲವೇ ಹೇಳಿದ್ದರೆ ಅಷ್ಟು ಜೆರಾಕ್ಸ್ ಉಳಿಯುತ್ತಿತ್ತು. ಓಪಿಡಿ ಸೌಲಭ್ಯ ಇರುವವರು ಖಂಡಿತ ಹಾಕಿ ನೋಡಿ.

ಖರ್ಚು ಅಂದಾಜಿಗೆ ಹೇಳುತ್ತೇನೆ. ಶೀಟ್ ಮತ್ತು ಜೆಲ್‌ಗೆ ಆರು ಸಾವಿರದ ಆಸುಪಾಸು, ದೊಡ್ಡ ಪಾಲು ಇದೇ. ಇಂಜೆಕ್ಷನ್ ಔಷಧಿ ಬಹಳ ಅಗ್ಗ, ಒಂದು ಸಲಕ್ಕೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಸೀರಮ್ ಎರಡು ಬಾಟಲಿಗೆ ಎರಡು ಸಾವಿರದ ಮೇಲೆ. ಬೆಂಗಳೂರಿಗೆ ಹೋಗಿ ಬಂದದ್ದು, ಅರ್ಧ ದಿನದ ರಜೆಗಳು ಬೇರೆ. ಎಲ್ಲ ಸೇರಿಸಿದರೂ ಆ ಪ್ಯಾಕೇಜಿನ ಕಾಲು ಭಾಗ. ಲೇಸರ್ ಬಗ್ಗೆಯೂ ಕೇಳಿದ್ದೆ. ಕೆಂಪು ಉಳಿದರೆ ನೋಡೋಣ ಎಂದಿದ್ದರು, ಉಳಿಯಲಿಲ್ಲ.

ಇನ್ನೊಂದು ಬಾಕಿ ಇದೆ. ಪ್ಲೇಟ್ ಚರ್ಮದಡಿ ಒತ್ತುತ್ತೆ, ಬೇಕಾದರೆ ತೆಗೆಸಬಹುದು ಎಂದಿದ್ದಾರೆ ಮೂಳೆ ಡಾಕ್ಟರು. ತೆಗೆಸಿದರೆ ಇದೇ ಗೆರೆಯನ್ನು ಮತ್ತೆ ಕೊಯ್ಯಬೇಕು, ಇಳಿದ ಕಲೆ ಮತ್ತೆ ಏಳಬಹುದು. ಚರ್ಮದ ಮೇಡಂ ಇದಕ್ಕೂ ಒಂದು ದಾರಿ ಹೇಳಿದರು. ಕೊಯ್ಯುವಾಗಲೇ ಹಳೆ ಕಲೆಯನ್ನು ಕತ್ತರಿಸಿ ತೆಗೆದು, ಎಳೆತ ಬೀಳದ ಹಾಗೆ ಒಳಗಿನಿಂದ ಹೊಲಿದು, ಗಾಯ ಮುಚ್ಚಿದ ದಿನದಿಂದಲೇ ಸಿಲಿಕೋನ್ ಶುರು ಮಾಡೋದು. ಬೇಸಿಗೆ ರಜೆಯಲ್ಲಿ ಮಾಡಿಸೋಣ ಅಂತ ಇದ್ದೇನೆ. "ಹೈಪರ್‌ಟ್ರೋಫಿಕ್ ಕಲೆ ಆಗುವ ಚರ್ಮ, ಮನೆತನದಲ್ಲಿ ಕೀಲಾಯ್ಡ್ ಇದೆ" ಅಂತ ಮೇಡಂ ಕೈಯಲ್ಲೇ ಬರೆಸಿ, ಸೀಲ್ ಹಾಕಿಸಿ, ಫೈಲಿನ ಮೊದಲ ಹಾಳೆಯಾಗಿ ಇಟ್ಟಿದ್ದೇನೆ. ಮುಂದಿನ ವಾರ ಅದನ್ನು ಮೂಳೆ ಡಾಕ್ಟರಿಗೆ ತೋರಿಸಬೇಕು.